ಏರಿಯ ಕೆಳಗೆ ಯಾರೂ ಇಲ್ಲ

"ಏರಿಯ ಕೆಳಗೆ ವಾಸವಿರುವವರು: ಯಾರೂ ಇಲ್ಲ." ಈ ಸಾಲನ್ನು ಇಪ್ಪತ್ತಾರು ವರ್ಷ ನನ್ನ ಕೈಯಾರೆ ಬರೆದಿದ್ದೇನೆ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಅಕ್ಷರ ನನ್ನದು, ಸಹಿ ನನ್ನದು, ಪೆನ್ನು ಕೂಡ ನನ್ನದೇ. ಇಷ್ಟು ವರ್ಷದಲ್ಲಿ ಕಂಪನಿ ನನಗೊಂದು ಪೆನ್ನು ಕೊಡಿಸಿದ್ದಿಲ್ಲ.

ಕಂಪನಿ ಎಂದರೆ ಕ್ಯಾಲಿಕೋ ಹೊಳೆಯ ನೀರಾವರಿ ಕಂಪನಿ. ಹೆಸರು ಕೇಳಿ ಮೋಸಹೋಗಬೇಡಿ. ನಲವತ್ತೊಂದು ಮನೆಯ ರೈತರು, ಕಣಿವೆಯ ಬಾಯಲ್ಲಿ ಒಂದು ಮಣ್ಣಿನ ಏರಿ, ಅದರ ಹಿಂದೆ ಹಿಮ ಕರಗಿ ನಿಲ್ಲುವ ನೀರು, ಒಂದು ತೂಬು, ಒಂದು ಕೋಡಿ. ಅಷ್ಟೇ ನಮ್ಮ ಆಸ್ತಿ. ಮುತ್ತಜ್ಜಂದಿರು ಕುದುರೆ ಹೂಡಿ ಮಣ್ಣು ಎಳೆದು ಕಟ್ಟಿದ ಏರಿ, ಮೂವತ್ತೆರಡು ಅಡಿ ಎತ್ತರ. ಯಾರ ಹೊಲಕ್ಕೆ ಯಾವ ಗಂಟೆಗೆ ನೀರು ಎಂದು ಫೋನು ಮಾಡಿ ಹೇಳುವುದು, ಸಭೆಯ ನಡಾವಳಿ ಬರೆಯುವುದು, ವರ್ಷಕ್ಕೊಮ್ಮೆ ರಾಜಧಾನಿಗೆ ಅರ್ಜಿ ತುಂಬಿ ಕಳಿಸುವುದು ನನ್ನ ಕೆಲಸ. ಮಗಳ ಮದುವೆ ನಡೆಯುತ್ತಿದ್ದರೂ ತಮ್ಮ ಸರದಿ ಬಂತೆಂದರೆ ಗಂಡಸರು ಸಲಿಕೆ ಹಿಡಿದು ಓಡುವ ಊರು ಇದು. ಅಂಥವರಿಗೆಲ್ಲ ನಾನು ಬೇಕು, ನನ್ನ ಫೋನು ಬೇಕು. ನನ್ನ ಮಾತು ಮಾತ್ರ ಬೇಡ.

ಆ ಅರ್ಜಿಯ ವಿಷಯ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಸರ್ಕಾರದವರು ಪ್ರತಿ ಏರಿಗೂ ಒಂದು ಅಪಾಯದ ವರ್ಗ ಕೊಡುತ್ತಾರೆ. ಏರಿ ಗಟ್ಟಿಯೋ ಟೊಳ್ಳೋ ಎಂಬುದಕ್ಕೂ ಆ ವರ್ಗಕ್ಕೂ ಸಂಬಂಧವಿಲ್ಲ. ಒಡೆದರೆ ಯಾರಾದರೂ ಸಾಯುತ್ತಾರೋ ಇಲ್ಲವೋ, ಅಷ್ಟೇ ಪ್ರಶ್ನೆ. ಕೆಳಗೆ ಬರೀ ಹುಲ್ಲುಗಾವಲು ಇದ್ದರೆ 'ಕಡಿಮೆ ಅಪಾಯ'. ಐದು ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ಒಬ್ಬನೇ ಒಬ್ಬ ಮನುಷ್ಯ ಸಾಯಬಹುದೆಂದರೂ 'ಹೆಚ್ಚು ಅಪಾಯ'. ಆಗ ವರ್ಷವರ್ಷವೂ ಬರುತ್ತಾರೆ. ಕೋಡಿ ಅಗಲ ಮಾಡಿ, ಬುಡಕ್ಕೆ ಬಸಿಗಾಲುವೆ ಹಾಕಿ, ಅದಾಗುವ ತನಕ ನೀರು ಅರ್ಧಕ್ಕಿಂತ ಮೇಲೆ ನಿಲ್ಲಿಸಬೇಡಿ ಎನ್ನುತ್ತಾರೆ. ಅರ್ಧ ಕೆರೆಯೆಂದರೆ ಅರ್ಧ ಬೆಳೆ. ಹಾಗಾಗಿ ನಮ್ಮೂರಿನವರಿಗೆ ಏರಿ ಒಡೆಯುವ ಭಯಕ್ಕಿಂತ ಅದರ ಕೆಳಗೆ ಯಾರಾದರೂ ಮನೆ ಕಟ್ಟಿಯಾರೆಂಬ ಭಯ ಹೆಚ್ಚು.

ಮನೆ ಯಾರೂ ಕಟ್ಟಲಿಲ್ಲ, ನಿಜ. ಆದರೆ ಮನುಷ್ಯರಿದ್ದರು. ಏರಿಯಿಂದ ಅರ್ಧ ಮೈಲಿ ಕೆಳಗಿನ ತಗ್ಗಿಗೆ ಗಾಳಿ ಬೀಸುವುದಿಲ್ಲ, ಕುರಿ ಈಯಲು ಅದಕ್ಕಿಂತ ಒಳ್ಳೆಯ ಜಾಗ ಕಣಿವೆಯಲ್ಲೇ ಇಲ್ಲ. ಪ್ರತಿ ಮಾರ್ಚಿನಲ್ಲಿ ನನ್ನ ಮೈದುನ ಲಮಾರ್ ಜಾರ್ಗನ್ಸನ್ ತನ್ನ ಒಂಬೈನೂರು ಕುರಿಗಳನ್ನು ಅಲ್ಲಿಗೆ ಹೊಡೆಸುತ್ತಾನೆ. ಕುರಿಗಳ ಜೊತೆ ಕುರಿಗಾಹಿ, ಕುರಿಗಾಹಿಯ ಜೊತೆ ಅವನ ಗಾಡಿ. ತಗಡಿನ ಮಾಡು, ಒಳಗೆ ಒಂದು ಒಲೆ, ಒಂದು ಮಂಚ, ಕೆಳಗೆ ನಾಲ್ಕು ಚಕ್ರ. ಹಿಮ ಕರಗಿ ಕೆರೆ ತುಂಬುವ ಕಾಲವೂ, ಕುರಿ ಈಯುವ ಕಾಲವೂ ಒಂದೇ. ಏರಿಗೆ ಅತಿ ಹೆಚ್ಚು ನೀರಿನ ಭಾರ ಬೀಳುವ ಮೂರು ತಿಂಗಳು ಆ ಮನುಷ್ಯ ಅದರ ಕಾಲಡಿಯಲ್ಲೇ ಮಲಗಿರುತ್ತಾನೆ.

"ಚಕ್ರದ್ ಮೇಲಿರೋದು ಮನೆ ಅಲ್ಲ" ಎಂದು ನಮ್ಮ ಮಾವ ಹೇಳುತ್ತಿದ್ದರು. ಅವರ ಕಾಲದಿಂದಲೂ ಅದೇ ಕಾನೂನು. ಆದರೂ ಒಳಗೊಳಗೆ ಅಳುಕು ಇದ್ದಿರಬೇಕು, ಇಲ್ಲದಿದ್ದರೆ ತಪಾಸಣೆಯ ಹಿಂದಿನ ದಿನ ಗಾಡಿಯನ್ನು ಪಿಕಪ್ಪಿಗೆ ಸಿಕ್ಕಿಸಿ ಗುಡ್ಡದ ಆಚೆಗೆ ಎಳೆದು, ತಪಾಸಣೆ ಮುಗಿದ ಮಾರನೆಯ ದಿನ ವಾಪಸು ತರುವ ಪದ್ಧತಿ ಯಾಕಿರುತ್ತಿತ್ತು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆ ಬೆಕ್ಕಿಗೆ ಹಾಲಿನ ಬಟ್ಟಲು ಹಿಡಿದವಳು ನಾನು.

ಈಗಿರುವ ಕುರಿಗಾಹಿ ಫೆರ್ಮಿನ್. ಪೆರು ದೇಶದ ಬೆಟ್ಟಗಳ ಕಡೆಯವನು, ಐವತ್ತರ ಹತ್ತಿರ ವಯಸ್ಸು. ಹನ್ನೊಂದು ವರ್ಷದಿಂದ ಲಮಾರನ ಹತ್ತಿರ ಇದ್ದಾನೆ. ಹೆಂಡತಿ ಮಕ್ಕಳು ಅಲ್ಲೇ ಊರಿನಲ್ಲಿ. ಅವನ ವೀಸಾ ಧಣಿಯ ಹೆಸರಿಗೆ ಅಂಟಿಕೊಂಡಿದ್ದು. ಲಮಾರ್ ಬೇಡವೆಂದರೆ ಮುಂದಿನ ವಿಮಾನಕ್ಕೆ ಹೊರಡಬೇಕು. ನಾನು ಪ್ರತಿ ವಾರ ನೀರಿನ ಮಟ್ಟ ನೋಡಲು ಏರಿಗೆ ಹೋದಾಗ ಅವನಿಗೊಂದು ಬಾಟಲಿ ಪೀಚ್ ಹಣ್ಣು ಕೊಟ್ಟು ಬರುವುದಿತ್ತು, ನಾನೇ ಸಕ್ಕರೆ ಪಾಕದಲ್ಲಿ ಹಾಕಿಟ್ಟದ್ದು. ಅದನ್ನು ಕೊಟ್ಟು ನಾನು ಒಳ್ಳೆಯವಳು ಎಂದುಕೊಂಡು ಮನೆಗೆ ಬರುತ್ತಿದ್ದೆ.

ಈ ಸಲ ಏಪ್ರಿಲ್ ಎರಡನೇ ವಾರ ಅವನೇ ನನ್ನನ್ನು ಕೂಗಿ ಕರೆದ. ಪೀಚ್ ಹಣ್ಣಿನ ಖಾಲಿ ಬಾಟಲಿಯಲ್ಲಿ ನೀರು ತುಂಬಿಸಿ ಹಿಡಿದಿದ್ದ. ಅಮ್ಮಾವ್ರೇ ಎನ್ನಲು ಅವನು ಸೆನ್ಯೋರಾ ಎನ್ನುತ್ತಾನೆ.

"ಸೆನ್ಯೋರಾ, ಇದನ್ನ ನೋಡಿ. ಏರಿ ಬುಡದಲ್ಲಿ ತುಂಬ್ಕೊಂಡ್ ಬಂದೆ."

ನೀರು ಟೀ ಬಣ್ಣಕ್ಕಿತ್ತು. ತಳದಲ್ಲಿ ಬೆರಳಗಲ ಮಣ್ಣು ಕೂತಿತ್ತು.

"ಯಾವಾಗಿಂದ?"

"ಐದ್ ದಿನ ಆಯ್ತು. ಮೊದ್ಲು ತಿಳಿಯಾಗಿತ್ತು, ಅದರಲ್ಲೇ ಕಾಫಿ ಕಾಸ್ತಿದ್ದೆ. ಈಗ ಕುರೀನೂ ಕುಡಿಯಲ್ಲ."

ಮಣ್ಣಿನ ಏರಿ ಯಾವುದಾದರೂ ಸ್ವಲ್ಪ ಒಸರಿಯೇ ಒಸರುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ. ತಿಳಿನೀರು ಬಂದರೆ ಏರಿ ಬೆವರುತ್ತಿದೆ, ಬಗ್ಗಡ ಬಂದರೆ ಏರಿ ಕರಗುತ್ತಿದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಆ ಬಾಟಲಿಯನ್ನು ಹಾಗೆಯೇ ತೆಗೆದುಕೊಂಡು ಲಮಾರನ ಕೊಟ್ಟಿಗೆಗೆ ಹೋದೆ.

ಲಮಾರ್ ಕೊಳೆ ಹತ್ತದಿರಲೆಂದು ಮರಿಗಳ ಬಾಲ ಕತ್ತರಿಸುತ್ತಿದ್ದ. ಬಾಟಲಿ ನೋಡಿದ, ಕೈ ಒರೆಸಿಕೊಳ್ಳಲಿಲ್ಲ.

"ಹಿಮ ಕರಗಿ ಗುಡ್ಡದ್ ನೀರು ಬರ್ತಿರುತ್ತೆ, ಆರ್ಡಿತ್. ಪ್ರತಿ ವರ್ಷ ಇದ್ದದ್ದೇ."

"ಪ್ರತಿ ವರ್ಷ ನಾನೂ ನೋಡ್ತೀನಿ. ಇದು ಗುಡ್ಡದ್ ನೀರಲ್ಲ, ಏರಿ ಹೊಟ್ಟೆಯಿಂದ ಬರ್ತಿರೋದು."

"ಹೆಗ್ಗಣ ಬಿಲ ತೋಡಿರುತ್ತೆ. ಎರಡ್ ಲೋಡ್ ಜಲ್ಲಿ ಹಾಕಿದ್ರೆ ಮುಚ್ಕೊಳತ್ತೆ."

"ಮುಚ್ಕೊಳತ್ತೋ ಇಲ್ವೋ ಇಂಜಿನಿಯರ್ ಬಂದು ಹೇಳ್ಲಿ. ಇವತ್ತೇ ಫೋನ್ ಮಾಡ್ತೀನಿ."

ಆಗ ಕತ್ತರಿ ಕೆಳಗಿಟ್ಟ. "ಮಾಡು. ಅವ್ರು ಬಂದು ಕೆರೆ ಖಾಲಿ ಮಾಡಿ ಅಂತಾರೆ. ನಲವತ್ತೊಂದ್ ಮನೆಯವ್ರು ಜುಲೈನಲ್ಲಿ ಒಣಗಿದ್ ಹುಲ್ಲು ಹಿಡ್ಕೊಂಡು ನಿನ್ ಬಾಗಿಲಿಗೆ ಬರ್ತಾರೆ. ಅವ್ರಿಗೆ ಏನ್ ಹೇಳ್ತೀಯ? ಬಾಟ್ಲಿ ತೋರಿಸ್ತೀಯಾ?"

"ಕೆಳಗೆ ಫೆರ್ಮಿನ್ ಮಲಗ್ತಾನೆ, ಲಮಾರ್."

"ಮಲಗ್ತಾನೆ. ಹನ್ನೊಂದ್ ವರ್ಷದಿಂದ ಮಲಗ್ತಿದಾನೆ. ಏನಾಗಿದೆ ಅವ್ನಿಗೆ? ಹೇಗೂ ಮುಂದಿನ್ ತಿಂಗಳು ಹದಿನೈದಕ್ಕೆ ತಪಾಸಣೆ ಇದೆ, ಅವರೇ ಬರ್ತಾರೆ. ಅಲ್ಲೀತನಕ ಸುಮ್ನಿರು. ನಿನ್ ಕೆಲ್ಸ ಬರಿಯೋದು, ಏರಿ ನೋಡೋದು ನನ್ ಕೆಲ್ಸ."

ಅವನು ಕಂಪನಿಯ ಅಧ್ಯಕ್ಷ, ಒಪ್ಪಿದೆ. ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಅವನಿಗೆ ಒಂಬತ್ತು ವರ್ಷ, ತಾಯಿ ಇರಲಿಲ್ಲ. ಅವನ ಷರಟಿನ ಗುಂಡಿ ಹೊಲಿದವಳು ನಾನು, ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು. ಈಗ ನನ್ನ ಕೆಲಸ ಬರೆಯುವುದಂತೆ! ಮೈ ಉರಿದುಹೋಯಿತು. ಆದರೂ ಸುಮ್ಮನಿದ್ದೆ. ತಪಾಸಣೆಗೆ ಇನ್ನು ಒಂದೇ ತಿಂಗಳು, ನೋಡುವ ಕಣ್ಣು ತಾನಾಗಿ ಬರುತ್ತದೆ ಎಂದುಕೊಂಡೆ. ಆ ಒಂದು ತಿಂಗಳು ನಾನು ಸುಮ್ಮನಿದ್ದದ್ದನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುತ್ತೇನೆ.

ಮೇ ಒಂದನೇ ತಾರೀಖು ಲಮಾರ್ ತೂಬು ಎತ್ತಿಸಿದ. ಯಾರ ಸರದಿಯೂ ಅಲ್ಲ, ಯಾರ ಹೊಲಕ್ಕೂ ಅಲ್ಲ. ಎರಡು ವಾರ ಹಗಲು ರಾತ್ರಿ ನೀರು ಸುಮ್ಮನೆ ಹೊಳೆಗೆ ಹೋಯಿತು. ಮೂರು ಅಡಿ ಇಳಿಯಿತು. ಏರಿಯ ಬುಡ ಒಣಗಿತು. ಒಂದು ಗಂಟೆ ನೀರು ತಡವಾದರೆ ನನ್ನನ್ನು ಫೋನಿನಲ್ಲಿ ಹರಿದು ತಿನ್ನುವ ರೈತರು ಆ ನೀರು ಹೋಗುವುದನ್ನು ನೋಡಿಯೂ ಒಬ್ಬರೂ ಉಸಿರೆತ್ತಲಿಲ್ಲ. ತಪಾಸಣೆಯ ದಿನ ಬುಡ ಒಣಗಿರಲೆಂದೇ ಇದು ಎಂದು ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕನೇ ತಾರೀಖು ಸಂಜೆ ಗಾಡಿಯೂ ಗುಡ್ಡದ ಆಚೆಗೆ ಹೋಯಿತು.

ಹದಿನೈದರಂದು ಬೆಳಗ್ಗೆ ರಾಜಧಾನಿಯಿಂದ ಇಂಜಿನಿಯರ್ ಬಂದಳು. ಹೆಸರು ಟೆಸ್, ಮೂವತ್ತೈದರ ಹೆಣ್ಣುಮಗಳು, ಮೊಣಕಾಲವರೆಗೆ ಬೂಟು. ಚುರುಕಾದವಳು. ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು, ಬಿಲಗಳಿಗೆ ಕೋಲು ಹಾಕಿ ನೋಡಿದಳು, ಬುಡದಲ್ಲಿ ಹೊಸದಾಗಿ ಬಿದ್ದ ಜಲ್ಲಿಯ ಹತ್ತಿರ ತುಂಬ ಹೊತ್ತು ನಿಂತಳು.

"ಇಲ್ಲಿ ನೀರು ಬರ್ತಿತ್ತಾ?"

"ಸ್ವಲ್ಪ ಕೆಸರಿತ್ತು, ಟ್ರ್ಯಾಕ್ಟರ್ ಹೂತ್ಕೊಳ್ತಿತ್ತು. ಅದಕ್ಕೆ ಜಲ್ಲಿ ಹಾಕಿದ್ವಿ" ಎಂದ ಲಮಾರ್.

"ಕೆರೆ ಮಟ್ಟ ಈ ಕಾಲಕ್ಕೆ ಕಡಿಮೆ ಇದೆಯಲ್ಲ?"

"ಈ ವರ್ಷ ಹಿಮ ಕಡಿಮೆ."

ಎದುರಿಗೆ ಬೆಟ್ಟದ ತಲೆಯೆಲ್ಲ ಬಿಳಿಯಾಗಿತ್ತು. ಟೆಸ್ ಆ ಕಡೆ ಒಂದು ಸಲ ನೋಡಿದಳು. ಕೊನೆಗೆ ಫಲಕಕ್ಕೆ ಸಿಕ್ಕಿಸಿದ ಹಾಳೆ ತಿರುವಿ, "ಕೆಳಗೆ ಯಾರೂ ವಾಸ ಇಲ್ಲ ಅಂತ ಬರ್ದಿದೀರ. ಹಾಗೇ ಇದೆಯಾ?" ಎಂದು ಕೇಳಿದಳು.

"ಹಾಗೇ ಇದೆ" ಎಂದ ಲಮಾರ್.

"ಇಲ್ಲ, ಹಾಗಿಲ್ಲ" ಎಂದೆ ನಾನು.

ಇಪ್ಪತ್ತಾರು ವರ್ಷದಲ್ಲಿ ನಾನು ಏರಿಯ ಮೇಲೆ ನಿಂತು ಆಡಿದ ಮೊದಲ ಮಾತು ಅದು. ಲಮಾರ್ ನನ್ನ ಕಡೆ ತಿರುಗಿದ. ನಾನು ಅವನನ್ನು ನೋಡದೆ ಹೇಳುತ್ತಾ ಹೋದೆ. ಗಾಡಿ, ಕುರಿಗಾಹಿ, ಮೂರು ತಿಂಗಳು, ಬಗ್ಗಡ ನೀರು, ತೂಬು, ಎಲ್ಲಾ.

"ಗಾಡಿ ಚಕ್ರದ್ ಮೇಲಿರತ್ತೆ. ಅದು ಮನೆ ಅಲ್ಲ" ಎಂದ ಲಮಾರ್.

"ಚಕ್ರದ ಬಗ್ಗೆ ನಾನು ಕೇಳೋದೇ ಇಲ್ಲ, ಮಿಸ್ಟರ್ ಜಾರ್ಗನ್ಸನ್. ಅಲ್ಲಿ ಯಾರಾದ್ರೂ ಮಲಗ್ತಾರಾ ಅನ್ನೋದಷ್ಟೇ ನನಗೆ ಬೇಕು" ಎಂದಳು ಟೆಸ್.

ಮಾವನ ಕಾಲದ ಕಾನೂನು ಒಂದೇ ಮಾತಿಗೆ ಬಿದ್ದುಹೋಯಿತು. ನನಗೆ ಒಳಗೆ ಹಿಗ್ಗಾಯಿತು. ಆದರೆ ಲಮಾರ್ ಹೆದರಿದಂತೆ ಕಾಣಲಿಲ್ಲ. "ಅವನನ್ನೇ ಕೇಳಿ" ಎಂದ.

ಫೆರ್ಮಿನ್ ತಗ್ಗಿನಲ್ಲಿ ಕುರಿಗಳ ನಡುವೆ ಇದ್ದ. ನಾವು ಮೂವರೂ ಇಳಿದು ಹೋದೆವು. ಗಾಡಿ ನಿಂತಿದ್ದ ಜಾಗದಲ್ಲಿ ಹುಲ್ಲು ಹಳದಿಯಾಗಿತ್ತು, ಒಲೆಯಿಂದ ಸುರಿದ ಬೂದಿ ಇನ್ನೂ ಬಿಸಿಯಿತ್ತೇನೋ. ಟೆಸ್ ಅವನಿಗೆ ಅರ್ಥವಾಗುವಂತೆ ನಿಧಾನವಾಗಿ ಕೇಳಿದಳು. "ನೀವು ಮಲಗೋದೆಲ್ಲಿ?"

ಫೆರ್ಮಿನ್ ಟೋಪಿ ತೆಗೆದ. ಲಮಾರನನ್ನು ನೋಡಿದ. ಲಮಾರ್ ಅವನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ.

"ಗುಡ್ಡದ ಆಚೆ" ಎಂದ ಫೆರ್ಮಿನ್.

"ಯಾವಾಗ್ಲೂ?"

"ಯಾವಾಗ್ಲೂ, ಸೆನ್ಯೋರಾ."

ನನ್ನ ಕಡೆ ಅವನು ನೋಡಲೇ ಇಲ್ಲ. ಟೆಸ್ ನೋಡಿದಳು, ಪಾಪ ಎನ್ನುವ ಹಾಗೆ. ಆಮೇಲೆ ಕಾರಿನ ಹತ್ತಿರ ನನ್ನನ್ನು ಬೇರೆಯಾಗಿ ನಿಲ್ಲಿಸಿ, "ಮಿಸೆಸ್ ಜಾರ್ಗನ್ಸನ್, ನನಗೆ ಅನುಮಾನ ಇಲ್ಲ ಅಂತಲ್ಲ. ಆದ್ರೆ ಕಣ್ಣಿಗೆ ಕಂಡದ್ದು, ಇದ್ದವರು ಹೇಳಿದ್ದು ಮಾತ್ರ ನಾನು ಬರೀಬಹುದು" ಎಂದಳು. ಹಾಗೆಯೇ ಬರೆದಳು. ಕಡಿಮೆ ಅಪಾಯ. ಮುಂದಿನ ತಪಾಸಣೆ ಐದು ವರ್ಷಕ್ಕೆ.

ಮಾರನೆಯ ದಿನ ಬೆಳಗ್ಗೆ ಗಾಡಿ ಆ ಹಳದಿ ಹುಲ್ಲಿನ ಮೇಲೆಯೇ ಬಂದು ನಿಂತಿತು. ಅಳತೆ ಹಿಡಿದಂತೆ ಅದೇ ಜಾಗ. ತೂಬು ಇಳಿಸಿದ್ದೂ ಆಯಿತು, ಕೆರೆ ದಿನಕ್ಕೆ ಅರ್ಧ ಅಡಿಯಂತೆ ಏರತೊಡಗಿತು. ನನ್ನ ಸಿಟ್ಟು ಫೆರ್ಮಿನ್ ಮೇಲೂ ತಿರುಗಿತ್ತು, ಸುಳ್ಳೇಕೆ ಹೇಳಲಿ. ನೆಟ್ಟಗೆ ಅವನ ಹತ್ತಿರ ಹೋಗಿ ನಿಂತೆ.

"ಯಾಕೆ ಸುಳ್ಳು ಹೇಳ್ದೆ? ನಿನಗೋಸ್ಕರ ನಾನು ಬಾಯಿ ಬಿಟ್ಟಿದ್ದು!"

ಅವನು ಈದ ಕುರಿಯ ಕೆಚ್ಚಲು ಹಿಂಡಿ ಮರಿಯ ಬಾಯಿಗೆ ಕೊಡುತ್ತಿದ್ದ. ನಿಲ್ಲಿಸಲಿಲ್ಲ.

"ನನಗೋಸ್ಕರ? ನನ್ನನ್ನ ಕೇಳಿದ್ರಾ, ಸೆನ್ಯೋರಾ? ಒಂದ್ ಮಾತು? ಯಜಮಾನನ ಮುಂದೆ ನನ್ನ ಹೆಸರು ಎತ್ತಿದ್ರಿ. ಇಲ್ಲೇ ಮಲಗ್ತೀನಿ ಅಂದಿದ್ರೆ ನಾನು ನಾಳೆ ಎಲ್ಲಿ ಮಲಗ್ತಿದ್ದೆ, ಗೊತ್ತಾ? ವಿಮಾನದಲ್ಲಿ. ನನ್ನ ದೊಡ್ಡ ಮಗಳು ನರ್ಸಿಂಗ್ ಮೂರನೇ ವರ್ಷ. ಅವಳಿಗೆ ನೀವು ಪೀಚ್ ಹಣ್ಣು ಕಳಿಸ್ತೀರಾ?"

"ಏರಿ ಒಡೆದ್ರೆ ಸಾಯ್ತೀಯ, ಫೆರ್ಮಿನ್."

"ಒಡೆದ್ರೆ. ಅದು ಬರೀ 'ರೆ'. ಬಾಯಿ ಬಿಟ್ಟಿದ್ರೆ ವಿಮಾನ ಹತ್ತೋದು ಖಂಡಿತ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದ. "ಯಜಮಾನ ಹೇಳಿದಾನೆ, ಅದು ಗುಡ್ಡದ್ ನೀರಂತೆ. ಹೆದರ್ಬೇಡ ಅಂದಿದಾನೆ. ಹೋಗಿ, ಸೆನ್ಯೋರಾ. ಕುರಿ ಬೆಚ್ಚಿಬೀಳ್ತಾವೆ."

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಆ ಮನುಷ್ಯ ಬಾಯಿ ಬಿಟ್ಟರೆ ಹೊಟ್ಟೆ ಹೋಗುತ್ತದೆ, ಬಿಡದಿದ್ದರೆ ಜೀವ ಹೋಗುತ್ತದೆ. ಇನ್ನು ನಲವತ್ತೊಂದು ಮನೆಯವರು ಬಾಯಿ ಬಿಟ್ಟರೆ ಹುಲ್ಲು ಒಣಗುತ್ತದೆ. ಬಾಯಿ ಬಿಟ್ಟರೆ ಏನೂ ಹೋಗದ ಒಬ್ಬ ಪ್ರಾಣಿ ಈ ಕಣಿವೆಯಲ್ಲಿ ಇದ್ದರೆ ಅದು ನಾನು. ಎಪ್ಪತ್ತೊಂದು ವರ್ಷ, ಗಂಡನಿಲ್ಲ, ಮಕ್ಕಳು ದೂರ, ಹೆದರಿಸುವ ಧಣಿಯಿಲ್ಲ. ನನ್ನನ್ನು ಓಡಿಸಲು ಯಾವ ವಿಮಾನವೂ ಇಲ್ಲ. ಅವನು ಲೆಕ್ಕಕ್ಕೆ ಬರುವುದಿಲ್ಲ ಎಂದಾದರೆ, ಲೆಕ್ಕಕ್ಕೆ ಬರುವವರು ಒಬ್ಬರು ಅಲ್ಲಿ ಹೋಗಿ ಮಲಗಬೇಕು. ಅಷ್ಟೇ ತಾನೆ?

ಆ ತಗ್ಗಿನ ಪಕ್ಕದಲ್ಲೇ, ಹೊಳೆ ತಿರುಗುವ ಕಡೆ, ನನ್ನ ಗಂಡ ರೀಡ್ ಬಿಟ್ಟುಹೋದ ಐದು ಎಕರೆ ಹುಲ್ಲುಗಾವಲಿದೆ. ಕಾಗದ ನನ್ನ ಹೆಸರಿನಲ್ಲಿದೆ. ರೀಡ್ ಜಿಂಕೆ ಬೇಟೆಗೆ ಒಯ್ಯುತ್ತಿದ್ದ ಟ್ರೇಲರ್ ಮನೆಯ ಹಿಂದೆ ತುಕ್ಕು ಹಿಡಿದು ನಿಂತಿತ್ತು. ಪಕ್ಕದೂರಿನಿಂದ ಗ್ಯಾರೇಜಿನವನನ್ನು ಕರೆಸಿದೆ. ನಮ್ಮೂರಿನವರನ್ನು ಕರೆದರೆ ಲಮಾರನಿಗೆ ಸುದ್ದಿ ಮೊದಲು, ಟ್ರೇಲರ್ ಆಮೇಲೆ. ಹುಲ್ಲುಗಾವಲಿಗೆ ಎಳೆಸಿ, ಚಕ್ರ ನಾಲ್ಕೂ ಕಳಚಿಸಿ, ಕಾಂಕ್ರೀಟ್ ಇಟ್ಟಿಗೆಯ ಮೇಲೆ ಕೂರಿಸಿದೆ. ಟೆಸ್‌ಗೆ ಚಕ್ರದ ಗೊಡವೆ ಇಲ್ಲ, ಗೊತ್ತು. ಆದರೆ ನಮ್ಮೂರಿನವರಿಗೆ ಇದೆಯಲ್ಲ, ಅವರ ಬಾಯಿಗೂ ಒಂದು ಬೀಗ ಬೇಕು. ಗೇಟಿನ ಪಕ್ಕ ಕಂಬ ನೆಟ್ಟು ಅಂಚೆ ಪೆಟ್ಟಿಗೆ ಕೂರಿಸಿದೆ. ಅಂಚೆಯವನಿಗೆ ವಿಳಾಸ ಬದಲಾಯಿಸಿ ಕೊಟ್ಟೆ, ವಾಹನ ಚಾಲನೆಯ ಪರವಾನಗಿಯಲ್ಲೂ ಮತದಾರರ ಪಟ್ಟಿಯಲ್ಲೂ ಬದಲಾಯಿಸಿದೆ. ಹಾಸಿಗೆ, ಔಷಧಿ, ರೀಡನ ಫೋಟೋ, ಎರಡು ಪೆಟ್ಟಿಗೆ ಪೀಚ್ ಬಾಟಲಿ ತಂದಿಟ್ಟೆ.

ಅಷ್ಟು ಹೊತ್ತಿಗೆ ಊರೆಲ್ಲ ಗುಲ್ಲು. ಮೊದಲು ಬಂದವಳು ಮರ್ಲೀನ್, ನನ್ನ ಪಕ್ಕದ ಮನೆಯವಳು. ಕೈಯಲ್ಲಿ ಬಟ್ಟೆ ಮುಚ್ಚಿದ ಬಿಸಿ ತಟ್ಟೆ. ತೆಗೆದು ನೋಡಿದರೆ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ನಮ್ಮಲ್ಲಿ ಸಾವಿನ ಮನೆಗೆ ಒಯ್ಯುವ ಅಡುಗೆ.

"ಇಷ್ಟ್ ಬೇಗ ತಂದ್ಬಿಟ್ಯಾ, ಮರ್ಲೀನ್? ಇನ್ನೂ ಉಸಿರಾಡ್ತಿದೀನಿ."

"ನೀನ್ ಇಲ್ಲಿ ಬಂದು ಕೂತ್ರೆ ಇನ್ನೇನ್ ತರ್ಲಿ?" ಎಂದಳು ಅವಳು. "ಏನ್ ಹುಚ್ಚು ಇದು, ಸಿಸ್ಟರ್ ಜಾರ್ಗನ್ಸನ್? ಇದು ಮಲಗೋ ಜಾಗಾನಾ?" ನಮ್ಮ ಚರ್ಚಿನಲ್ಲಿ ಹೆಂಗಸರನ್ನು ಸಿಸ್ಟರ್ ಎಂದೇ ಕರೆಯುವುದು.

"ಯಾಕೆ? ಏನಾಗಿದೆ ಈ ಜಾಗಕ್ಕೆ?"

ಅವಳು ಏರಿಯ ಕಡೆ ನೋಡಿದಳು. ಆಮೇಲೆ ತನ್ನ ಕಾಲಿನ ಕಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. "ಥಂಡಿ ಜಾಸ್ತಿ" ಎಂದು ಹೇಳಿ ಹೋದಳು. ಆಲೂಗಡ್ಡೆ ಚೆನ್ನಾಗಿತ್ತು. ಅರ್ಧ ನಾನು ತಿಂದೆ, ಅರ್ಧ ಫೆರ್ಮಿನ್‌ಗೆ ಒಯ್ದೆ. ತೆಗೆದುಕೊಂಡ. ಬೇಲಿಯಿಂದ ಅವನ ಗಾಡಿಗೆ ಐವತ್ತು ಹೆಜ್ಜೆಯೂ ಇಲ್ಲ. ಹತ್ತು ದಿನ ನಾವಿಬ್ಬರೂ ಒಬ್ಬರ ಒಲೆಯ ಹೊಗೆ ಇನ್ನೊಬ್ಬರು ಕುಡಿದುಕೊಂಡು, ಒಂದು ಮಾತಿಲ್ಲದೆ ಇದ್ದೆವು.

ನನಗೆ ಭಯವಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿದಿನ ಬೆಳಗ್ಗೆ ಏರಿಯ ಬುಡಕ್ಕೆ ಹೋಗಿ ನೋಡುತ್ತಿದ್ದೆ. ಕೆರೆ ಏರಿದಂತೆ ಜಲ್ಲಿಯ ಮಧ್ಯೆ ಮತ್ತೆ ನೀರು ಚಿಮ್ಮತೊಡಗಿತು. ಬಣ್ಣ ಮೊದಲಿನದೇ. ಮೇಲೆ ಹಾಕಿದ್ದ ಜಲ್ಲಿ ದಿನದಿನಕ್ಕೂ ಒಳಗೆ ಇಳಿಯುತ್ತಿತ್ತು. ಹನ್ನೊಂದು ವಸಂತ ಒಬ್ಬ ಮನುಷ್ಯನನ್ನು ಇದರ ಕೆಳಗೆ ಮಲಗಲು ಬಿಟ್ಟು ನಾವು ಭಾನುವಾರ ಇಸ್ತ್ರಿ ಷರಟು ಹಾಕಿ ಪ್ರಾರ್ಥನೆಗೆ ಕೂತಿದ್ದೆವಲ್ಲ ಎಂದು ಅನ್ನಿಸುತ್ತಿತ್ತು. ಟೆಸ್‌ಗೆ ಫೋನು ಮಾಡಿದೆ. ವಿಳಾಸ ಹೇಳಿ, "ಇಲ್ಲಿ ನಾನು ವಾಸ ಇದೀನಿ, ಬಂದು ನೋಡು" ಎಂದೆ. ಅವಳು "ನಾಳೆ ಬೆಳಗ್ಗೆ" ಎಂದಳು.

ಮೇ ಮೂವತ್ತು. ಕೋಡಿಗೆ ಒಂದು ಗೇಣು ಬಾಕಿ ಇತ್ತು. ಟೆಸ್ ಮೊದಲು ಏರಿಯ ಬುಡಕ್ಕೇ ಹೋದಳು. ಮುಖ ಬಿಳಿಚಿಕೊಂಡು ಬಂದಳು. ಬಂದವಳೇ ಫೋನಿನಲ್ಲಿ ತನ್ನ ಕಚೇರಿಯವರಿಗೆ ಏನೋ ಹೇಳಿ, ಆಮೇಲೆ ಫಲಕ ಹಿಡಿದು ನನ್ನ ಬಾಗಿಲಲ್ಲಿ ನಿಂತಳು.

"ತೂಬು ಈಗ್ಲೇ ಪೂರ್ತಿ ಎತ್ತಿಸ್ತೀನಿ, ಅದು ಬೇರೆ ಮಾತು. ಇದು ಕಾಗದಕ್ಕೆ. ನೀವು ದಿನಾ ಇಲ್ಲೇ ಮಲಗ್ತೀರಾ?"

"ನನ್ ಹಲ್ಲಿನ ಸೆಟ್ಟು ಅಲ್ಲಿ ಲೋಟದಲ್ಲಿದೆ. ತೋರಿಸ್ಲಾ?"

ಅಷ್ಟರಲ್ಲಿ ಲಮಾರನ ಪಿಕಪ್ ಧೂಳೆಬ್ಬಿಸಿಕೊಂಡು ಬಂತು. ಸರ್ಕಾರದ ಬಿಳಿ ಕಾರು ಕಣಿವೆಗೆ ತಿರುಗಿದ್ದನ್ನು ಯಾರೋ ಹೇಳಿರಬೇಕು. ಬಾಗಿಲು ಹಾಕದೆ ಇಳಿದು ನನ್ನ ಹತ್ತಿರವೇ ಬಂದ. ಟೆಸ್ ಅಲ್ಲಿರುವುದು ಅವನ ಕಣ್ಣಿಗೆ ಬಿದ್ದಂತೆಯೇ ಇರಲಿಲ್ಲ.

"ಆಟ ಸಾಕು, ಆರ್ಡಿತ್. ಗಂಟುಮೂಟೆ ಕಟ್ಟು. ಈಗ್ಲೇ."

"ಯಾಕೆ ಕಟ್ಲಿ? ಕಡಿಮೆ ಅಪಾಯ ತಾನೆ?"

"ತಮಾಷೆ ಮಾಡ್ಬೇಡ ಮಾರಾಯ್ತಿ! ಹತ್ ದಿನದಿಂದ ನನಗೆ ನಿದ್ದೆ ಇಲ್ಲ!" ಅವನ ಕಣ್ಣು ಕೆಂಪಾಗಿತ್ತು, ಅದು ನಿಜ. "ಕೋಡಿ ಮಟ್ಟಕ್ಕೆ ಬಂದಿದೆ ನೀರು. ಏಪ್ರಿಲ್‌ನಿಂದ ಬುಡದಲ್ಲಿ ಮಣ್ಣು ಕೊಚ್ಕೊಂಡ್ ಬರ್ತಿದೆ. ನಾಲ್ಕ್ ಲೋಡ್ ಜಲ್ಲಿ ಹಾಕ್ಸಿದೀನಿ, ಎಲ್ಲಾ ನುಂಗ್ಬಿಡ್ತು. ಒಳಗೆ ಪೊಳ್ಳಾಗಿದೆ ಅದು, ಯಾವ್ ಗಳಿಗೇಲಾದ್ರೂ ಹೋಗತ್ತೆ. ಸತ್ತೋಗ್ತೀಯ ಇಲ್ಲಿ! ರೀಡ್‌ಗೆ ನಾನೇನು ಮುಖ ತೋರಿಸ್ಲಿ?"

ಹೇಳಿ ಮುಗಿಸಿದ ಮೇಲೆ ಅವನಿಗೆ ಟೆಸ್ ಕಂಡಳು. ಅವಳು ಬರೆದುಕೊಳ್ಳುತ್ತಿದ್ದಳು.

ಅವನು ಸುಳ್ಳು ಆಡುತ್ತಿರಲಿಲ್ಲ. ನನ್ನ ಮೇಲೆ ಅವನಿಗೆ ಪ್ರೀತಿ ಇದೆ. ಅದೇ ನನ್ನ ತಲೆ ಕೆಡಿಸಿದ್ದು. ಅತ್ತಿಗೆ ಸತ್ತಾಳೆಂದು ನಿದ್ದೆ ಬಿಟ್ಟವನು, ಐವತ್ತು ಹೆಜ್ಜೆಯಾಚೆ ಮಲಗುವವನಿಗಾಗಿ ಒಂದು ರಾತ್ರಿ ಹೊರಳಾಡಿದ್ದನೇ?

"ಫೆರ್ಮಿನ್ ಹನ್ನೊಂದ್ ವರ್ಷ ಅಲ್ಲಿ ಮಲಗಿದ್ನಲ್ಲ, ಲಮಾರ್. ಆಗ ನಿನ್ ನಿದ್ದೆ ಎಲ್ಲಿಗೆ ಹೋಗಿತ್ತು? ಗೊತ್ತಿದ್ದೂ ಗಾಡೀನ ವಾಪಸ್ ತಂದು ಅದೇ ಜಾಗಕ್ಕೆ ನಿಲ್ಸಿದ್ಯಲ್ಲ, ಅವನು ನಿನ್ ಕಣ್ಣಿಗೆ ಕುರಿಗಿಂತ ಕಡೆಯಾ?"

ನನ್ನ ಗಂಟಲು ಬಿದ್ದುಹೋಗುವಷ್ಟು ಜೋರಾಗಿ ಕೂಗಿದ್ದೆ ಎಂದು ಆಮೇಲೆ ಟೆಸ್ ಹೇಳಿದಳು. ಕುರಿಗಳೆಲ್ಲ ಎದ್ದು ನಿಂತಿದ್ದವು. ಫೆರ್ಮಿನ್ ಬೇಲಿಯ ಹತ್ತಿರ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು.

"ಏಪ್ರಿಲ್‌ನಿಂದ್ಲೇ ಗೊತ್ತಿತ್ತಾ, ಪತ್ರೋನ್?" ಎಂದ, ಧಣಿಯನ್ನು ಕರೆಯುವ ತನ್ನೂರಿನ ಮಾತಿನಲ್ಲೇ.

"ನೀನು ಕುರಿ ಹತ್ರ ಹೋಗು, ಫೆರ್ಮಿನ್."

"ಗುಡ್ಡದ್ ನೀರು ಅಂದ್ರಿ."

"ಹೋಗು ಅಂದೆ."

ಫೆರ್ಮಿನ್ ಹೋಗಲಿಲ್ಲ. ಬೇಲಿ ದಾಟಿ ಒಳಗೆ ಬಂದು, ಲಮಾರನನ್ನು ದಾಟಿ, ಟೆಸ್ ಮುಂದೆ ನಿಂತ. ಟೋಪಿ ಈ ಸಲ ತೆಗೆಯಲಿಲ್ಲ.

"ಅವತ್ತು ನಾನು ಸುಳ್ಳು ಹೇಳ್ದೆ. ಮಾರ್ಚಿಂದ ಜೂನ್ ತನಕ ನಾನು ಆ ಗಾಡೀಲೇ ಮಲಗೋದು. ಬರ್ಕೊಳ್ಳಿ."

ಟೆಸ್ ಹಾಳೆ ತಿರುವಿದಳು. 'ಏರಿಯ ಕೆಳಗೆ ವಾಸವಿರುವವರು' ಎಂಬ ಸಾಲಿನ ಕೆಳಗೆ ನನ್ನ ಹೆಸರು ಆಗಲೇ ಇತ್ತು. ಅದರ ಕೆಳಗೆ ಪೆನ್ನು ಇಟ್ಟು, ಫಲಕವನ್ನು ಸ್ವಲ್ಪ ನನ್ನ ಕಡೆ ವಾಲಿಸಿ ಕೇಳಿದಳು. "ಇವರ ಪೂರ್ತಿ ಹೆಸರು? ನೀವೇ ಕಾರ್ಯದರ್ಶಿ ಅಲ್ವಾ, ಹೇಳಿ."

ಬಾಯಿ ತೆರೆದೆ. ಫೆರ್ಮಿನ್ ಎಂದೆ. ಮುಂದಕ್ಕೆ ಏನೂ ಬರಲಿಲ್ಲ. ನಲವತ್ತೊಂದು ಮನೆಯ ಅಜ್ಜಂದಿರ, ಮೊಮ್ಮಕ್ಕಳ, ನಾಯಿಗಳ ಹೆಸರೂ ನನಗೆ ಬಾಯಿಪಾಠ. ಇವನಿಗಾಗಿ ಮೈದುನನ ಮೇಲೆ ಊರಿಗೆ ಕೇಳುವಂತೆ ಕೂಗಾಡಿದ್ದೆ, ಮನೆ ಬಿಟ್ಟು ಬಂದು ಇಲ್ಲಿ ಕೂತಿದ್ದೆ. ಹನ್ನೊಂದು ವರ್ಷದಲ್ಲಿ ಅವನ ಮನೆತನದ ಹೆಸರು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ವಾಮಾನ್ ಪೌಕಾರ್" ಎಂದ ಅವನು, ನನ್ನನ್ನು ನೋಡುತ್ತಾ. "ಫೆರ್ಮಿನ್ ವಾಮಾನ್ ಪೌಕಾರ್."

ಟೆಸ್ ಇನ್ನೊಮ್ಮೆ ಹೇಳಿ ಎಂದಳು. ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ, ಅವಳು ಬರೆದಳು.